ಮೂರನೆಯ ತೂತು

ಎಂಟು ತಿಂಗಳಲ್ಲಿ ಒಬ್ಬ ಆಳಿನ ಕಾಲು ಭಾಗ ಕಾಣೆಯಾದರೆ ಬೀದಿಯ ಜನ ಸುಮ್ಮನಿರುತ್ತಾರೆಯೇ? ಸಕ್ಕರೆ ಕಾಯಿಲೆ ಹಿಡಿದಿದೆ ಎಂದರು ಕೆಲವರು. ಹೆಂಡತಿ ಹೊಟ್ಟೆಗೆ ಹಾಕುತ್ತಿಲ್ಲ ಎಂದರು ಇನ್ನು ಕೆಲವರು. ಎದುರಿನ ಔಷಧಿ ಅಂಗಡಿಯವನು ಮಾತ್ರ, "ಯಾರ ಮೇಲೋ ಮನಸ್ಸಾಗಿದೆ ಕಣ್ರೀ, ಈ ವಯಸ್ಸಲ್ಲಿ ಗಂಡಸು ಸುಮ್ಮಸುಮ್ನೆ ಹೊಟ್ಟೆ ಕರಗಿಸಲ್ಲ" ಎಂದು ಕಣ್ಣು ಮಿಟುಕಿಸಿದ. ನಿಜಕ್ಕೆ ಹತ್ತಿರ ಬಂದವನು ಅವನೇ. ದರ್ಜಿಗೆ ಮನಸ್ಸಾಗಿತ್ತು. ಆದರೆ ಹೆಣ್ಣಿನ ಮೇಲಲ್ಲ, ಒಂದು ಬೆಲ್ಟಿನ ಮೇಲೆ. ಅದರಲ್ಲೂ ಆ ಬೆಲ್ಟಿನ ಮೂರನೆಯ ತೂತಿನ ಮೇಲೆ.

ಊರ ಹಿಂದೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಮುತ್ತಜ್ಜಂದಿರ ಕಾಲದಲ್ಲಿ ಆ ಕೋಟೆಗೆ ಮುತ್ತಿಗೆ ಬಿದ್ದಿತ್ತು. ಒಳಗೆ ಎಂಬತ್ತು ಸಿಪಾಯಿಗಳು, ಹೊರಗೆ ಲೆಕ್ಕವಿಲ್ಲದಷ್ಟು ಶತ್ರುಗಳು. ನೂರ ನಾಲ್ಕು ದಿನ ಬಾಗಿಲು ತೆಗೆಯಲಿಲ್ಲವಂತೆ. ಬೂಟಿನ ಚರ್ಮ ಬೇಯಿಸಿ ಕುಡಿದರಂತೆ. ಕೊನೆಗೆ ನೆರವಿನ ದಂಡು ಬಂದು ಶತ್ರು ಓಡಿದ ಮೇಲೆ ಬಾಗಿಲು ತೆರೆಯಿತು, ಬದುಕಿದವರು ಒಬ್ಬೊಬ್ಬರಾಗಿ ಹೊರಬಂದರು. ಎಲ್ಲರಿಗಿಂತ ಕೊನೆಗೆ ಬಂದವನು ಕಹಳೆಯವನು. ಹೊಸ್ತಿಲ ಮೇಲೆ ನಿಂತು ಕಹಳೆ ಊದಿದ. ಊರಿಗೆ ಊರೇ ಅತ್ತಿತು.

ಆ ದಿನವನ್ನು ವರ್ಷಕ್ಕೊಮ್ಮೆ ಆಡಿ ತೋರಿಸುವುದಕ್ಕೆ 'ಕೋಟೆ ದಳ' ಅಂತ ಒಂದು ಗುಂಪಿದೆ. ಅದರ ಯಜಮಾನನಿಗೆ ಕನ್ನಡಕದ ಅಂಗಡಿ. ಸೈನ್ಯದ ಗೇಟನ್ನು ಹೊರಗಿನಿಂದಲೂ ಸರಿಯಾಗಿ ನೋಡಿದವನಲ್ಲ, ಆದರೂ ಎಲ್ಲರೂ ಕರೆಯುವುದು ಕ್ಯಾಪ್ಟನ್ ಎಂದೇ. ಅವನ ಬಾಯಲ್ಲಿ ಬರುವ ಮಾತು ಒಂದೇ: ಅಸಲಿ. ಗುಂಡಿ ಅಸಲಿ ಇರಬೇಕು, ದಾರ ಅಸಲಿ ಇರಬೇಕು. ಭೂತಗನ್ನಡಿ ಹಿಡಿದು ಇಂಚಿಗೆ ಎಷ್ಟು ಹೊಲಿಗೆ ಎಂದು ಎಣಿಸುವ ಆಸಾಮಿ. ಕೈಗಡಿಯಾರದ ಗೆರೆ ಮಣಿಕಟ್ಟಿನ ಮೇಲೆ ಬೆಳ್ಳಗೆ ಉಳಿದಿದ್ದರೆ ಮಸಿ ಬಳಿಸುತ್ತಿದ್ದ. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಒಬ್ಬನಿಗೆ, "ನೀನು ಸಾಯೋದಾದ್ರೆ ಬಾಯಿ ಮುಚ್ಕೊಂಡು ಸಾಯಿ, ಆ ಕಾಲದಲ್ಲಿ ತಂತಿ ಇರ್ಲಿಲ್ಲ" ಎಂದು ಅಪ್ಪಣೆ ಮಾಡಿದ್ದ.

ಬಟ್ಟೆ ಅಸಲಿಯಾದರೆ ಸಾಕೇ, ಮೈಯೂ ಅಸಲಿಯಾಗಬೇಡವೇ? ನೂರ ನಾಲ್ಕು ದಿನ ಉಪವಾಸ ಬಿದ್ದವರ ಸಾಲಿನಲ್ಲಿ ತುಂಬಿದ ಹೊಟ್ಟೆ ಕಂಡರೆ ಜನ ನಗುವುದಿಲ್ಲವೇ? ಅದಕ್ಕೆ ಕ್ಯಾಪ್ಟನ್ ಒಂದು ಪರೀಕ್ಷೆ ಮಾಡಿದ. ಗ್ರಂಥಾಲಯದ ಮಹಡಿಯ ಮೇಲೆ ಊರಿನ ಹಳೆಯ ವಸ್ತುಗಳನ್ನಿಟ್ಟ ಒಂದು ಕೋಣೆಯಿದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಮರದ ಗೊಂಬೆಯ ಮೈಮೇಲೆ, ಆ ಕಹಳೆಯವನು ತೊಟ್ಟಿದ್ದ ನೀಲಿ ಕೋಟು ನಿಂತಿದೆ. ಎಂಬತ್ತು ಕೋಟುಗಳಲ್ಲಿ ಉಳಿದದ್ದು ಅದೊಂದೇ. ಆ ಕೋಟಿನ ಸೊಂಟದ ಅಳತೆಗೆ ಒಂದು ಬೆಲ್ಟು ಮಾಡಿಸಿದ. ಮೂರನೆಯ ತೂತಿಗೆ ಕೊಕ್ಕೆ ಬಿದ್ದರೆ ನೀನು ಸಿಪಾಯಿ. ಬೀಳದಿದ್ದರೆ ಹಗ್ಗದ ಆಚೆ ನಿಂತು ಚಪ್ಪಾಳೆ ಹೊಡಿ.

ಗೊಂಬೆಯ ಮೈಮೇಲಿನ ಕೋಟಿಗೆ ಟೇಪು ಸುತ್ತಿ ಮೂವತ್ತೆರಡು ಎಂದು ಬರೆದುಕೊಟ್ಟವನು ನಮ್ಮ ದರ್ಜಿಯೇ. ಹನ್ನೆರಡು ವರ್ಷದ ಹಿಂದಿನ ಮಾತು. ಬರೆದುಕೊಟ್ಟು, ಮಾದರಿ ನೋಡಿ ಒಂದಾದಮೇಲೊಂದು ಅರವತ್ತು ಕೋಟು ಹೊಲಿದ. ಆ ಕೋಟಿನ ಜೇಬುಗಳು ವಿಚಿತ್ರ. ಹೊಟ್ಟೆಯ ಮೇಲಿರಬೇಕಾದವು ಪಕ್ಕೆಗೆ ಸರಿದು, ಕೈ ಹಾಕಿದರೆ ಬೆನ್ನು ತುರಿಸಿಕೊಳ್ಳುವ ಹಾಗೆ ಕೂತಿದ್ದವು. ಹಳೇ ಕಾಲದ ಕಟಿಂಗ್ ಹೀಗೇ ಎಂದುಕೊಂಡು ಅರವತ್ತು ಕೋಟಿಗೂ ಹಾಗೆಯೇ ಇಟ್ಟ. ಕ್ಯಾಪ್ಟನ್ ಶಾಲೆಗಳಿಗೆ ಹೋಗಿ ಭಾಷಣವನ್ನೂ ಮಾಡಿದ: "ಬಂದೂಕಿಗೆ ಅಡ್ಡ ಬರಬಾರದು ಅಂತ ಜೇಬನ್ನ ಪಕ್ಕಕ್ಕೆ ಇಡ್ತಿದ್ರು. ಎಂಥ ಯುದ್ಧದ ಬುದ್ಧಿ ನೋಡಿ!"

ಅರವತ್ತು ಜನಕ್ಕೆ ಹೊಲಿದ ದರ್ಜಿಗೆ ಅರವತ್ತೊಂದನೆಯ ಕೋಟು ಸಿಗಲಿಲ್ಲ. ಅವನ ಸೊಂಟ ನಲವತ್ತೆರಡು. ಮೊದಲ ವರ್ಷ ಆಸೆಪಟ್ಟು ಪರೀಕ್ಷೆಗೆ ನಿಂತಿದ್ದ. ಶಾಲೆಯ ದೊಡ್ಡ ಹಾಲ್, ಸುತ್ತ ಬೆಂಚಿನ ಮೇಲೆ ಜನ. ಬೆಲ್ಟಿನ ಎರಡು ತುದಿ ಅವನ ಹೊಟ್ಟೆಯ ಮೇಲೆ ಒಂದನ್ನೊಂದು ದೂರದಿಂದ ನೋಡಿಕೊಂಡವು. ಕ್ಯಾಪ್ಟನ್ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ.

"ಟೈಲರ್, ನೀವೊಬ್ರು ಕೋಟೆ ಒಳಗಿದ್ದಿದ್ರೆ ಶತ್ರುಗಳು ಮೊದಲನೇ ದಿನವೇ ಗಂಟುಮೂಟೆ ಕಟ್ತಿದ್ರು. ಇವರ ಉಗ್ರಾಣ ಇನ್ನೂ ತುಂಬಿದೆ ಅಂತ!"

ಬೆಂಚುಗಳು ಕುಣಿದವು. ಅವತ್ತಿನಿಂದ ದರ್ಜಿಯ ಹೆಸರು ಉಗ್ರಾಣ. "ಉಗ್ರಾಣ, ನನ್ನ ಗುಂಡಿ ಕಿತ್ತೋಯ್ತು." "ಉಗ್ರಾಣ, ಬೇಗ ಬಾ, ತೋಳು ಹರಿದಿದೆ." ಯುದ್ಧ ನಡೆಯುವಾಗ ಸೂಜಿದಾರ ಹಿಡಿದು ಹಗ್ಗದ ಆಚೆ ಮಡಚುವ ಕುರ್ಚಿಯ ಮೇಲೆ ಕೂರುವುದು, ಸತ್ತವರು ಎದ್ದು ಬಂದ ಮೇಲೆ ಅವರ ಹರಿದ ಪ್ಯಾಂಟಿಗೆ ಹೊಲಿಗೆ ಹಾಕುವುದು. ಹನ್ನೆರಡು ವರ್ಷ ಹೀಗೇ ಕಳೆಯಿತು. ನಗುನಗುತ್ತಲೇ ಹಾಕಿದ. ಒಳಗೆ ಏನು ಬೇಯುತ್ತಿತ್ತೋ ಅವನ ಸೂಜಿಗೇ ಗೊತ್ತು.

ಕಳೆದ ವರ್ಷ, ಅಷ್ಟೂ ಕಾಲ ಕಹಳೆಯವನ ಪಾತ್ರ ಮಾಡಿದ್ದ ಪೋಸ್ಟ್‌ಮನ್ನು ಮೊಣಕಾಲು ನೋವೆಂದು ಕೈಬಿಟ್ಟ. ಜಾಗ ಖಾಲಿಯಾಯಿತು. ದರ್ಜಿ ಮನೆಗೆ ಬಂದವನೇ ತಟ್ಟೆಯ ಮುಂದೆ ಕೂತು, ಅರ್ಧ ಊಟವನ್ನು ಪಕ್ಕಕ್ಕೆ ಸರಿಸಿದ.

"ಯಾಕ್ರೀ, ಉಪ್ಪು ಹೆಚ್ಚಾಯ್ತಾ?" ಎಂದಳು ಹೆಂಡತಿ.

"ಹತ್ತು ಇಂಚು ಹೆಚ್ಚಾಗಿದೆ" ಎಂದ ದರ್ಜಿ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಸೌತೆಕಾಯಿ, ಸಂಜೆ ಬಿಸಿನೀರು. ಅಂಗಡಿ ಬಾಗಿಲು ತೆಗೆದ ಕೂಡಲೇ ಕೊರಳಿನ ಟೇಪನ್ನು ಬಿಚ್ಚಿ ತನ್ನದೇ ಸೊಂಟಕ್ಕೆ ಸುತ್ತಿ, ಬಾಗಿಲ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದ. ಮೂವತ್ತೊಂಬತ್ತಕ್ಕೆ ಬಂದಾಗ ತಲೆ ಸುತ್ತಿತು. ಮೂವತ್ತಾರಕ್ಕೆ ಬಂದಾಗ ಕೂದಲು ಬಾಚಣಿಗೆಯಲ್ಲೇ ಉಳಿಯತೊಡಗಿತು. ಹೊಲಿಗೆಯಂತ್ರ ತುಳಿಯುತ್ತಾ ತುಳಿಯುತ್ತಾ ಒಮ್ಮೆ ಮುಂದಕ್ಕೆ ಮುಗ್ಗರಿಸಿ, ಬೆರಳಿಗೆ ಸೂಜಿ ಇಳಿಸಿಕೊಂಡ. ಹೆಂಡತಿ ಅತ್ತಳು, ಬೈದಳು. ಅವನು ಕಚ್ಚಿದ ಹಲ್ಲು ಬಿಡಲಿಲ್ಲ.

ಆ ಜಾಗದ ಮೇಲೆ ಕಣ್ಣಿಟ್ಟವನು ಇನ್ನೊಬ್ಬನಿದ್ದ. ಹೊರಗಿನವನಲ್ಲ, ಹೆಂಡತಿಯ ಸ್ವಂತ ತಮ್ಮ. ಬಸ್ ಡ್ರೈವರ್. ಕೋಟು ಬಿಟ್ಟುಹೋದ ಕಹಳೆಯವನಿದ್ದನಲ್ಲ, ಅವನು ಈ ಅಕ್ಕತಮ್ಮಂದಿರ ಮುತ್ತಜ್ಜ. ಅಜ್ಜಿ ಆ ಕೋಟನ್ನು ಊರಿಗೆ ದಾನ ಕೊಟ್ಟಿದ್ದಳು. ಡ್ರೈವರು ಬಸ್ ಡಿಪೋದ ಬ್ಯಾಂಡಿನಲ್ಲಿ ಕಹಳೆ ಊದುವವನು. ಊದಿದರೆ ಡಿಪೋದ ತಗಡಿನ ಛಾವಣಿ ನಡುಗುತ್ತಿತ್ತು. ದರ್ಜಿಯೋ, ಊದಿದರೆ ಕೆನ್ನೆ ಉಬ್ಬುವುದು ಬಿಟ್ಟು ಬೇರೇನೂ ಆಗುತ್ತಿರಲಿಲ್ಲ. ಅದಕ್ಕೇನು, ಕಹಳೆಯ ದನಿ ಸ್ಪೀಕರಿನಿಂದ ಬರುತ್ತಿತ್ತು. ಅಸಲಿ ಅಸಲಿ ಎಂದು ಪ್ರಾಣ ಬಿಡುವ ಕ್ಯಾಪ್ಟನ್‌ಗೆ ಅದೊಂದು ವಿಷಯದಲ್ಲಿ ಚಿಂತೆ ಇರಲಿಲ್ಲ. "ಕಿವಿ ಮೋಸ ಹೋಗುತ್ತೆ ರೀ, ಕಣ್ಣು ಹೋಗಲ್ಲ" ಎನ್ನುತ್ತಿದ್ದ.

ಡ್ರೈವರನ ಸೊಂಟ ಎಷ್ಟೆಂದು ಕೇಳುತ್ತೀರೋ? ನಲವತ್ತೆರಡು. ಅವನೂ ಒಂದಷ್ಟು ದಿನ ಊಟ ಬಿಟ್ಟು ನೋಡಿದ. ಹಸಿದ ಹೊಟ್ಟೆಯಲ್ಲಿ ಬಸ್ಸನ್ನು ಚರಂಡಿಗೆ ಇಳಿಸಿ ಡಿಪೋದವರಿಂದ ಬೈಸಿಕೊಂಡು, ಮತ್ತೆ ಊಟಕ್ಕೆ ಕೂತ. ಒಂದು ದಿನ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡ.

"ಭಾವ, ಒಂದು ಮಾತು. ಬೆಲ್ಟು ನಿಮ್ಮ ಕೈಲೇ ಇರೋದು. ಇನ್ನೊಂದು ನಾಲ್ಕು ತೂತು ಹಾಕೋಕಾಗಲ್ವಾ?"

"ಆ ಬೆಲ್ಟಿಗೆ ನಾಲ್ಕು ಸಾಲಲ್ಲಪ್ಪ, ಇನ್ನೊಂದು ಬೆಲ್ಟೇ ಸೇರಿಸಬೇಕು" ಎಂದ ದರ್ಜಿ ನಗುತ್ತಾ.

"ಅಲ್ಲ ಭಾವ, ನೀವು ಇಷ್ಟು ಕರಗಿದೀರಿ. ನಿಮಗೇ ಸಿಕ್ಕಿದ್ರೂ ನನಗೆ ಸಂತೋಷವೇ. ಆದ್ರೆ ಮುತ್ತಜ್ಜ ನಮ್ಮೋನಲ್ವಾ. ಸಾಯೋದರೊಳಗೆ ಒಂದು ಸಲ ಆ ಬಾಗಿಲಲ್ಲಿ ನಿಂತು ಊದಬೇಕು ಅಂತ, ಅಷ್ಟೇ."

"ನೋಡೋಣ ಬಿಡು" ಎಂದ ದರ್ಜಿ. ನೋಡುವುದೇನೂ ಇರಲಿಲ್ಲ. ಗೋಡೆಯ ಮೇಲಿನ ಅಂಕಿ ಆಗಲೇ ಮೂವತ್ತಮೂರಕ್ಕೆ ಇಳಿದಿತ್ತು.

ಪರೀಕ್ಷೆಗೆ ಇನ್ನು ನಾಲ್ಕು ದಿನ ಎನ್ನುವಾಗ ಹಳೇ ವಸ್ತುಗಳ ಕೋಣೆಯ ಮೇಲ್ವಿಚಾರಕರು ಕೋಟನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ತಂದರು. ಲೈನಿಂಗಿಗೆ ನುಸಿ ಬಿದ್ದಿದೆ, ಸರಿಮಾಡಿ ಕೊಡಿ ಎಂದರು. ಹನ್ನೆರಡು ವರ್ಷದಲ್ಲಿ ಆ ಕೋಟು ಗೊಂಬೆಯಿಂದ ಇಳಿದದ್ದು ಅದೇ ಮೊದಲು. ಮಧ್ಯಾಹ್ನ ಗಂಡ ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಮೇಜಿನ ಮೇಲೆ ಹರಡಿದರು. ಅಂಗಡಿಯಲ್ಲಿ ಕಾಜ ಹೊಲಿಯುವುದು, ಹೊಲಿಗೆ ಬಿಚ್ಚುವುದು ಹೆಂಡತಿಯ ಕೆಲಸ, ಅವಳ ಕಣ್ಣು ಚುರುಕು. ಬ್ಲೇಡು ಹಿಡಿದು ನುಸಿ ತಿಂದ ಲೈನಿಂಗನ್ನು ಪಕ್ಕೆಯಿಂದ ಬಿಚ್ಚುತ್ತಾ ಹೋದವಳು ತಟ್ಟನೆ ನಿಲ್ಲಿಸಿದಳು.

"ರೀ, ಇಲ್ಲಿ ಬನ್ನಿ. ಇದೇನಿದು ಇಷ್ಟೊಂದು ಬಟ್ಟೆ ಒಳಗಡೆ?"

ದರ್ಜಿ ಬಗ್ಗಿ ನೋಡಿದ. ಪಕ್ಕೆಯ ಹೊಲಿಗೆಯ ಒಳಗೆ ಬಟ್ಟೆಯನ್ನು ದಪ್ಪಗೆ ಮಡಚಿ ಒತ್ತಿದ್ದರು. ಎಡಗಡೆ ಐದು ಇಂಚು, ಬಲಗಡೆ ಐದು ಇಂಚು. ಕೋಟು ಪೂರ್ತಿ ಕೈಹೊಲಿಗೆಯದ್ದು. ಈ ಎರಡು ಸಾಲು ಮಾತ್ರ ಯಂತ್ರದ್ದು, ಹೊಳೆಯುವ ದಾರದ್ದು. ಸಾಲಿನ ತುದಿಯಲ್ಲಿ ಮೂರು ಹಿಮ್ಮುಖ ಹೊಲಿಗೆ, ಆಮೇಲೆ ಒಂದು ಗಂಟು. ಆ ಗಂಟಿನ ಮೇಲೆ ಬೆರಳಾಡಿಸಿ ನೋಡಿದ. ಲೋಕದಲ್ಲಿ ಹಾಗೆ ಮುಗಿಸುತ್ತಿದ್ದವನು ಒಬ್ಬನೇ, ಇದೇ ಅಂಗಡಿಯಲ್ಲಿ ಇದೇ ಯಂತ್ರ ತುಳಿದು ತೀರಿಕೊಂಡ ಅವನ ಅಪ್ಪ. ಅಂಗಡಿಗಳಲ್ಲಿ ಬಟ್ಟೆ ತೊಡಿಸಿ ನಿಲ್ಲಿಸುವ ಸಣಕಲು ಗೊಂಬೆಯೊಂದು ಪುಕ್ಕಟೆ ಸಿಕ್ಕಿತೆಂದು, ಕೋಟು ಅದರ ಮೈಮೇಲೆ ಜೋತುಬೀಳುತ್ತದೆಂದು, ಆಗಿನ ಮೇಲ್ವಿಚಾರಕರು ಅಪ್ಪನ ಹತ್ತಿರ ತಂದಿರಬೇಕು. ಅಪ್ಪ ಪಕ್ಕೆ ಹಿಡಿದು ಚಿಕ್ಕದು ಮಾಡಿ ಕೊಟ್ಟಿರಬೇಕು. ಜೇಬುಗಳು ಪಕ್ಕಕ್ಕೆ ಹೋದದ್ದು ಯಾಕೆಂದು ಈಗ ತಿಳಿಯಿತು. ಮುತ್ತಿಗೆಯಲ್ಲಿ ಸೊರಗಿ ಕೋಟು ಸಡಿಲವಾಗಿ ಕಹಳೆಯವನೇ ಮೊದಲು ಹಿಡಿಸಿಕೊಂಡಿರಬಹುದೇ? ಇಲ್ಲ. ಕಂಕುಳಿನಿಂದ ಇಳಿದ ಬೆವರಿನ ಕಲೆ ಮಡಿಕೆಯ ಒಳಗೂ ಹಾಗೇ ಹರಿದಿತ್ತು. ತೊಟ್ಟವನು ಕೊನೆಯ ದಿನದವರೆಗೂ ಅಗಲವಾಗಿಯೇ ತೊಟ್ಟಿದ್ದ.

ಟೇಪು ಇಟ್ಟ. ಮೂವತ್ತೆರಡಕ್ಕೆ ಹತ್ತು ಸೇರಿ ನಲವತ್ತೆರಡು.

"ಇದು ನನ್ನ ತಮ್ಮನ ಅಳತೆ" ಎಂದಳು ಹೆಂಡತಿ. ಅವಳ ಮುಖ ಅರಳಿತ್ತು. "ಮುತ್ತಜ್ಜ ಹಾಗಾದ್ರೆ ಅವನ ಹಾಗೇ ಇದ್ದ! ಕ್ಯಾಪ್ಟನ್‌ಗೆ ಹೇಳಿ ರೀ, ಈಗ್ಲೇ ಹೋಗಿ ಹೇಳಿ."

ದರ್ಜಿ ಬಾಗಿಲ ಹಿಂದಿನ ಗೋಡೆಯನ್ನು ನೋಡಿದ. ಮೇಲಿನ ಅಂಕಿ ನಲವತ್ತೆರಡು, ಕೆಳಗಿನ ಅಂಕಿ ಅವತ್ತು ಬೆಳಿಗ್ಗೆ ಬರೆದ ಮೂವತ್ತೆರಡು. ಎಂಟು ತಿಂಗಳ ಹಿಂದೆ ಅವನು ಆ ಸಿಪಾಯಿಯ ಮೈಯನ್ನೇ ಹೊತ್ತು ಓಡಾಡಿಕೊಂಡಿದ್ದ. ಆ ಮೈಯನ್ನು ಹಸಿವಿನಿಂದ ಕೆತ್ತಿ ಕೆತ್ತಿ ಒಂದು ಗೊಂಬೆಯ ಮೈ ಮಾಡಿಕೊಂಡಿದ್ದ.

"ಮುಚ್ಚು ಅದನ್ನ" ಎಂದ.

"ಏನಂದ್ರಿ?"

"ಲೈನಿಂಗ್ ಹಾಕಿ ಮುಚ್ಚು ಅಂದೆ. ಯೋಚನೆ ಮಾಡೇ ಸ್ವಲ್ಪ. ಎಂಬತ್ತು ಜನ ಬೂಟಿನ ಚರ್ಮ ತಿಂದ್ರು ಅಂತಾರೆ. ಅದರಲ್ಲಿ ಒಬ್ಬ ನಲವತ್ತೆರಡು ಇಂಚಿನ ಹೊಟ್ಟೆ ಹೊತ್ಕೊಂಡು ಹೊರಗೆ ಬಂದ ಅಂದ್ರೆ ಊರು ಏನನ್ನುತ್ತೆ? ಎಲ್ಲರ ಪಾಲನ್ನ ಕದ್ದು ತಿಂದ ಅನ್ನುತ್ತೆ. ಬೇಕಾ ನಿನಗೆ ಆ ಮಾತು? ನಿನ್ನ ತಮ್ಮನಿಗೆ ಬೇಕಾ?"

ಅವಳು ಬ್ಲೇಡನ್ನು ಕೆಳಗಿಟ್ಟಳು. "ಉಪವಾಸದ ಕತೆಯೇ ಸುಳ್ಳಿರಬಹುದು. ಬೇರೆಯವರ ಕೋಟು ನೋಡಿದೋರು ಯಾರಿದಾರೆ?"

"ಅದನ್ನ ಕ್ಯಾಪ್ಟನ್ ಮುಂದೆ ಹೇಳ್ತೀಯಾ?"

"ನೀವು ಹೇಳಿದ್ರೆ ಕೇಳ್ತಾರೆ. ಹೊಲಿಗೆ ಗೊತ್ತಿರೋರು ನೀವು."

"ಹೊಲಿಗೆ ಗೊತ್ತಿರೋನು ಹನ್ನೆರಡು ವರ್ಷ ತಪ್ಪು ಅಳತೆ ಹಿಡ್ಕೊಂಡು ಕೂತಿದ್ದ ಅಂತ ಊರೆಲ್ಲ ನಗಲಿ ಅಂತೀಯಾ? ಮುಚ್ಚು."

ಅವಳು ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಕೆನ್ನೆ ಒಳಗೆ ಹೋಗಿ, ಮೂಗು ಚೂಪಾಗಿ, ಯಾರೋ ಬೇರೆಯವರ ಮುಖದ ಹಾಗಿತ್ತು. ಆಮೇಲೆ ಡಬ್ಬಿ ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದಳು. ದರ್ಜಿ ಬೀದಿಯ ಕಡೆ ಮುಖ ಮಾಡಿ ನಿಂತ. ಅವಳು ಮುಗಿಸುವಷ್ಟರಲ್ಲಿ ಬೆಳಕು ಇಳಿದಿತ್ತು.

ಪರೀಕ್ಷೆಯ ದಿನ ಹಾಲ್ ತುಂಬ ಜನ. ಬೆಲ್ಟು ಹಿಡಿಯುವವನು ಯಾವತ್ತಿನ ಹಾಗೆ ದರ್ಜಿಯೇ. ತನ್ನ ಸರದಿ ಬಂದಾಗ ತಾನೇ ಸುತ್ತಿಕೊಂಡ. ಕೊಕ್ಕೆ ಮೂರನೆಯ ತೂತಿಗೆ ಟಕ್ ಎಂದು ಬಿತ್ತು. ಕ್ಯಾಪ್ಟನ್ ಹತ್ತಿರ ಬಂದು ಅವನ ಗಲ್ಲ ಹಿಡಿದು ಬೆಳಕಿನತ್ತ ತಿರುಗಿಸಿದ, ದನ ಕೊಳ್ಳುವವರು ನೋಡುವ ಹಾಗೆ.

"ಆಹಾ! ಈ ಕಣ್ಣಿನ ಗುಳಿ ನೋಡಿ. ಇದು ಬಣ್ಣ ಬಳಿದು ಬರೋದಲ್ಲ. ಅಸಲಿ ಹಸಿವು!"

ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಬೆಂಚುಗಳು ಅವನಿಗಾಗಿ ಚಪ್ಪಾಳೆ ತಟ್ಟಿದವು. ಕೊನೆಗೆ ಡ್ರೈವರು ಎದ್ದು ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಬಟ್ಟೆಯ ಚೀಲದೊಳಗೆ ತನ್ನ ಕಹಳೆ. ದರ್ಜಿ ಅವನ ಸುತ್ತ ಬೆಲ್ಟು ಹಾಕಿದ. ಕೈ ಆ ಸೊಂಟವನ್ನು ಬಳಸಿದಾಗ ಬೆರಳುಗಳಿಗೆ ಅಳತೆ ತಿಳಿಯಿತು. ಗಾಜಿನ ಪೆಟ್ಟಿಗೆಯ ಕೋಟು ಈ ಮೈಗೆ ಒಂದು ದಾರದಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರುತ್ತಿತ್ತು. ಡ್ರೈವರು ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದು, ಕಣ್ಣು ಮುಚ್ಚಿ ನಿಂತಿದ್ದ.

"ಬಂತಾ ಭಾವ?" ಎಂದ ಮೆಲ್ಲಗೆ.

ಒಂದು ಮಾತು ಸಾಕಿತ್ತು. ಇಡೀ ಹಾಲ್ ದರ್ಜಿಯ ಬಾಯನ್ನೇ ನೋಡುತ್ತಿತ್ತು. ಅಷ್ಟು ಜನ ತನ್ನ ಬಾಯನ್ನು ನೋಡುವುದು ಅವನಿಗೆ ಹೊಸದು.

"ಬಂದೇ ಬರುತ್ತಪ್ಪ" ಎಂದ ಗಟ್ಟಿಯಾಗಿ, "ಈ ಬೆಲ್ಟಿನ ತುದಿಯಿಂದ ಆ ತುದಿಗೆ ನಿನ್ನ ಬಸ್ಸಲ್ಲಿ ಹೋದ್ರೆ ನಾಲ್ಕು ಸ್ಟಾಪು!"

ಹಾಲ್‌ಗೆ ಹಾಲೇ ಬಿದ್ದುಬಿದ್ದು ನಕ್ಕಿತು. ಕ್ಯಾಪ್ಟನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಉಗ್ರಾಣ ಮೈದುನನ ಹೆಸರಿಗಾಯ್ತು!" ಡ್ರೈವರೂ ನಕ್ಕ. ಅವನ ಕಿವಿಯ ತುದಿ ಕೆಂಪಾಗಿತ್ತು. ಬೆಲ್ಟನ್ನು ತಾನೇ ಮಡಚಿ ಭಾವನ ಕೈಗೆ ಕೊಟ್ಟು, ಚೀಲವನ್ನು ಕಂಕುಳಿಗೆ ಸೇರಿಸಿ ಹೋಗಿ ಕೂತ. ಹೆಂಗಸರ ಬೆಂಚಿನಲ್ಲಿದ್ದ ಹೆಂಡತಿ ಎದ್ದು ಹೊರಗೆ ಹೋದದ್ದನ್ನು ದರ್ಜಿ ಕಂಡ. ಕಂಡೂ ನಗುವವರ ಜೊತೆ ನಗುತ್ತಲೇ ಇದ್ದ.

ಕೋಟೆಯ ದಿನವೂ ಬಂತು. ಸಿಪಾಯಿಗಳನ್ನು ಗುಡ್ಡಕ್ಕೆ ಹೊತ್ತು ತಂದದ್ದು ಡ್ರೈವರನ ಬಸ್ಸೇ. ಬಾಗಿಲು ತೆರೆಯಿತು, ಒಬ್ಬೊಬ್ಬರಾಗಿ ಹೊರಬಂದರು, ಕೊನೆಗೆ ತಾನೇ ಹೊಲಿದ ಕೋಟು ತೊಟ್ಟ ದರ್ಜಿ. ಜನರ ಸಾಲಿನಲ್ಲಿ ಉಸಿರು ಎಳೆದುಕೊಂಡ ಸದ್ದಾಯಿತು. "ಅಯ್ಯೋ ಪಾಪ, ನೋಡಿ, ಮುಖದ ಎಲುಬು ಎಣಿಸಬಹುದು" ಎಂದಳು ಒಬ್ಬಳು. ಅವನು ಕಹಳೆಯನ್ನು ತುಟಿಗಿಟ್ಟು ಕೆನ್ನೆ ಉಬ್ಬಿಸಿದ. ಸ್ಪೀಕರು ಊದಿತು. ಅದು ತಪ್ಪದೆ, ನಡುಗದೆ, ಯಾರ ಎದೆಯಿಂದಲೂ ಹೊರಡದೆ ಊದಿತು. ಜನ ಕಣ್ಣೊರೆಸಿಕೊಂಡರು. ಹನ್ನೆರಡು ವರ್ಷ ಕಾದ ಆ ಹೊತ್ತು ಒಂದು ಹಾಡಿನಷ್ಟು ಕಾಲವೂ ಉಳಿಯಲಿಲ್ಲ.

ಇಳಿದು ಬಂದಾಗ ಬಸ್ಸಿನ ಮೆಟ್ಟಿಲ ಬಳಿ ಡ್ರೈವರು ಕಾದಿದ್ದ. ಎರಡೂ ಕೈ ಹಿಡಿದುಕೊಂಡ.

"ಭಾವ, ನಿಜ ಹೇಳ್ತೀನಿ. ಮುತ್ತಜ್ಜನ್ನೇ ನೋಡಿದ ಹಾಗಾಯ್ತು. ನಾನು ನಿಂತಿದ್ರೆ ಜನ ನಗ್ತಿದ್ರು. ಅವನ ಮರ್ಯಾದೆ ಉಳಿಸಿದ್ರಿ."

ದರ್ಜಿ ಕೈ ಬಿಡಿಸಿಕೊಂಡು ಕೋಟಿನ ಗುಂಡಿ ಬಿಚ್ಚತೊಡಗಿದ. ಪಕ್ಕದಲ್ಲಿ ಹೆಂಡತಿ ನಿಂತಿದ್ದಳು.

ಅವತ್ತು ಮನೆಯಲ್ಲಿ ಅವಳು ತಟ್ಟೆ ತುಂಬ ಬಡಿಸಿಟ್ಟಳು. ಎಂಟು ತಿಂಗಳಾದ ಮೇಲೆ ತುಂಬಿದ ತಟ್ಟೆ. ಅವನು ಮೊದಲ ತುತ್ತು ಎತ್ತುವಾಗ ಹೇಳಿದಳು:

"ಮುತ್ತಜ್ಜನ ಕೋಟಿನ ಒಳಗೆ, ನಿಮ್ಮಪ್ಪ ಹಿಡಿಯೋಕೆ ಮುಂಚಿನ ಹಳೇ ಹೊಲಿಗೆಯ ತೂತು ಇತ್ತಲ್ಲ, ಅದರ ಮೇಲೇ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದೀನಿ. ಎರಡೂ ಪಕ್ಕದಲ್ಲಿ. ಪಕ್ಕದಲ್ಲೇ ನಲವತ್ತೆರಡು ಅಂತಾನೂ ಹೊಲಿದಿದೀನಿ."

ತುತ್ತು ಅಲ್ಲೇ ನಿಂತಿತು. "ಯಾವಾಗ?"

"ನೀವು ಬೀದಿ ನೋಡ್ತಾ ನಿಂತಿದ್ರಲ್ಲ, ಆವಾಗ. ಹೆದರಬೇಡಿ, ನಾನಾಗಿ ಯಾರಿಗೂ ಹೇಳಲ್ಲ. ಮುಂದಿನ ಸಲ ಯಾರು ಬಿಚ್ತಾರೋ ಅವರು ನೋಡ್ತಾರೆ. ಲೈನಿಂಗ್ ಹೊಲಿದ ದಾರ ಹಳೇದು, ಜಾಸ್ತಿ ದಿನ ಬರಲ್ಲ. ಊಟ ಮಾಡಿ."

ಕೋಟು ಆಗಲೇ ಗಾಜಿನ ಪೆಟ್ಟಿಗೆಯೊಳಗೆ ಹೋಗಿತ್ತು. ಬೀಗದ ಕೈ ಮೇಲ್ವಿಚಾರಕರ ಬಳಿ.

ಈಗ ದರ್ಜಿ ವಾರಕ್ಕೊಮ್ಮೆ ಗ್ರಂಥಾಲಯದ ಮಹಡಿ ಹತ್ತುತ್ತಾನೆ. ಜೇಬಿನಲ್ಲಿ ನುಸಿಗುಳಿಗೆಯ ಪೊಟ್ಟಣ. ಪೆಟ್ಟಿಗೆಯ ತಳದ ಸಂದಿನಲ್ಲಿ ಒಂದೊಂದೇ ಗುಳಿಗೆ ತೂರಿಸಿ, ಗಾಜಿಗೆ ಮೂಗು ಒತ್ತಿ, ಕೋಟಿನ ಅಂಚಿನಲ್ಲಿ ದಾರ ಎಲ್ಲಾದರೂ ಸಡಿಲವಾಗಿದೆಯೇ ಎಂದು ನೋಡುತ್ತಾ ನಿಲ್ಲುತ್ತಾನೆ. ಇಂಥ ಭಕ್ತಿ ಎಲ್ಲೂ ಕಂಡಿಲ್ಲ ಎಂದು ಮೇಲ್ವಿಚಾರಕರು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಕ್ಯಾಪ್ಟನ್ ಮುಂದಿನ ವರ್ಷವೂ ಕಹಳೆ ಅವನದೇ ಎಂದಿದ್ದಾನೆ. ಬೆಲ್ಟು ಮಾತ್ರ ಪ್ರತಿ ವರ್ಷ ಹೊಸದಾಗಿ ಕಟ್ಟಿ ತೋರಿಸಬೇಕಲ್ಲ, ಆದ್ದರಿಂದ ತಟ್ಟೆಯ ಅರ್ಧ ಊಟ ಇವತ್ತಿಗೂ ಪಕ್ಕಕ್ಕೆ ಸರಿಯುತ್ತದೆ.

ಹೆಂಡತಿ ಈಗ ಯಾಕೆಂದು ಕೇಳುವುದಿಲ್ಲ. ಉಳಿದದ್ದನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಡಿಪೋಗೆ ಹೋಗಿ ತಮ್ಮನಿಗೆ ಕೊಟ್ಟು ಬರುತ್ತಾಳೆ. ಅವನು ಬಸ್ಸಿನ ಸ್ಟಿಯರಿಂಗಿನ ಮೇಲೆ ಡಬ್ಬಿ ಇಟ್ಟುಕೊಂಡು, ಭಾವ ಚೆನ್ನಾಗಿದಾರಾ ಎಂದು ಕೇಳಿ, ಒಂದು ಅಗುಳೂ ಬಿಡದೆ ಊಟ ಮಾಡುತ್ತಾನೆ.